ಕಣದಾಗ ಆಡದ ಮಾತು

ಮೊನ್ನೆ ಸೊಸೆ ಡಬ್ಬಿಯ ತಳದಲ್ಲಿ ಉಳಿದಿದ್ದ ಜೋಳವನ್ನು ಮೊರಕ್ಕೆ ಸುರಿದಳು. ಮುಗ್ಗು ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. "ಸ್ವಲ್ಪ ನೀರು ತಾಕ್ಯಾದ ಅಷ್ಟರಿ ಅತ್ತಿ, ಬಿಸಲಿಗೆ ಹಾಕಿದ್ರ ಆಯ್ತು" ಅಂದಳು. ನಾನು ಎದ್ದು ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಅಂಗಳಕ್ಕೆ ಹೋದೆ. ಆಕೆಗೇನು ಗೊತ್ತು ಪಾಪ! ನೆಂದ ಜೋಳದ ಆ ವಾಸನೆ ನನ್ನನ್ನು ಕುಂತಲ್ಲಿ ಕೂಡಗೊಡುವುದಿಲ್ಲ. ಅದು ಬಂತೆಂದರೆ ಜೇವರ್ಗಿಯ ನಮ್ಮ ಕಣ ಕಣ್ಣ ಮುಂದೆ ಬರುತ್ತದೆ, ಕಣದ ಅಂಚಿನಲ್ಲಿ ಚಪ್ಪಲಿ ಕಳೆದು ನಿಂತ ಮಳೆ ಮುನ್ಶಿ ಬರುತ್ತಾರೆ...

ಮಳೆ ಮುನ್ಶಿ ಅನ್ನುವುದು ಸರಕಾರಿ ಕಚೇರಿಯ ಗುಮಾಸ್ತರೊಬ್ಬರಿಗೆ ಊರವರು ಇಟ್ಟ ಹೆಸರು. ಆಗ ನಿಜಾಮರ ರಾಜ್ಯ. ಕಚೇರಿಯ ಕಂಪೌಂಡಿಗೂ ನಮ್ಮ ಹಿತ್ತಲಿಗೂ ನಡುವೆ ಒಂದೇ ಗೋಡೆ, ಅದೂ ಅರ್ಧ ಬಿದ್ದದ್ದು. ಆಚೆ ಕಡೆ ಮಳೆ ಅಳೆಯುವ ಡಬ್ಬಿಯೊಂದನ್ನು ನೆಲದಲ್ಲಿ ಹೂತಿದ್ದರು. ಮುನ್ಶಿ ದಿನಾ ಬೆಳಿಗ್ಗೆ ಬಂದು ಅದರ ಮುಚ್ಚಳ ತೆಗೆದು ನೋಡಿ, ಬಗಲಲ್ಲಿದ್ದ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಮೇಲಿನ ಗುಂಡಿ ಹೋದ ಶೇರವಾನಿ, ತಲೆಗೆ ಟೋಪಿ. ಬೇಸಿಗೆಯಲ್ಲಿ ಡಬ್ಬಿ ಭಣಭಣ, ಆದರೂ ಬರುತ್ತಿದ್ದರು. "ಖಾಲಿ ಡಬ್ಬಿ ನೋಡಾಕ ಸರಕಾರದ ಪಗಾರ!" ಅಂತ ಮಂದಿ ನಗುತ್ತಿದ್ದರು. ಒಂಟಿ ಮನುಷ್ಯ ಅಂತ ಅಪ್ಪ ದಿನಾ ಮಧ್ಯಾಹ್ನ ಅವರಿಗೆ ಎರಡು ರೊಟ್ಟಿ, ಪಲ್ಯ ಕಳಿಸುತ್ತಿದ್ದ.

ನನಗೆ ಆಗ ಹದಿನಾರು. ಆಳಂದದ ಕಡೆಯಿಂದ ಸಂಬಂಧ ಬಂದಿತ್ತು. "ಒಳಗ ಕೂಡು, ಹೊರಗ ಇಣುಕಬ್ಯಾಡ" ಅಂತ ಅವ್ವ ಬಾಯಿ ಬಡಿದುಕೊಳ್ಳುತ್ತಿದ್ದಳು. ಸುಮ್ಮನೆ ಕೂಡುವುದು ನನಗೆ ಹುಟ್ಟಿನಿಂದಲೇ ಬರಲಿಲ್ಲ, ಏನು ಮಾಡಲಿ! ಒಂದು ದಿನ ಗೋಡೆ ಈಚೆಯಿಂದ ಕೇಳಿಯೇಬಿಟ್ಟೆ: "ಡಬ್ಬಿ ಕೆಳಗ ಅದ, ನೀವು ಮ್ಯಾಲ ಏನು ನೋಡಾಕತ್ತೀರಿ ಕಾಕಾ?"

ಅವರು ವಹಿಯಿಂದ ಒಂದು ಹಾಳೆ ತೆಗೆದು ತೋರಿಸಿದರು. ಹೈದರಾಬಾದಿನಿಂದ ಬಂದದ್ದಂತೆ. ಹಾಳೆಯ ತುಂಬ ಮೋಡದ ಚಿತ್ರ, ಪಕ್ಕದಲ್ಲಿ ನಾಲಿಗೆ ಹೊರಳದ ಹೆಸರು. "ಆಕಾಶ ಅಂದ್ರ ಮೂರು ಅಂತಸ್ತಿನ ಮನಿ ಬೇಟಿ. ಯಾವ ಮೋಡ ಯಾವ ಅಂತಸ್ತಿನಾಗ ಇರತದ, ಹ್ಯಾಂಗ ಕಾಣತದ, ಅದನ್ನ ಬರೀಬೇಕು ನಾನು" ಅಂದರು.

ಅವತ್ತಿನಿಂದ ಹಿತ್ತಲಿಗೆ ಹೋಗಲು ನನಗೆ ನೂರು ನೆವ. ಬಟ್ಟೆ ಹರವಲು ಹೋದರೆ ಮೇಲಿನ ಅಂತಸ್ತು: ಪಿಂಜಾರ ಹಿಂಜಿ ಎಸೆದ ಅರಳೆಯ ಹಾಗೆ ಎಳೆಎಳೆಯಾದ ಮೋಡ. ಅದರಲ್ಲಿರುವುದೆಲ್ಲ ಬರ್ಫದ, ಅಂದರೆ ಮಂಜುಗಡ್ಡೆಯ ಚೂರು, ಅದು ನೆಲಕ್ಕೆ ಹನಿ ಉದುರಿಸುವುದಿಲ್ಲ ಅಂದರು. ಸೂರ್ಯನ ಸುತ್ತ ಬಳೆಯ ಹಾಗೆ ಗುಡಿಗಟ್ಟುವ ತೆಳ್ಳನೆಯ ಮುಸುಕೂ ಅಲ್ಲಿಯದೇ. ನಡುವಿನ ಅಂತಸ್ತಿನಲ್ಲಿ ಪಂಚಮಿಗೆ ಹುರಿದ ಜೋಳದ ಅರಳಿನ ಹಾಗೆ ಸಾಲುಸಾಲು ಮೋಡ. ಕೆಳಗಿನದರಲ್ಲಿ ಬೂದಿ ಬಣ್ಣದ ಹಚ್ಚಡ, ಜಿನುಗಿದರೆ ಜಿನುಗಿತು, ಇಲ್ಲದಿದ್ದರೆ ಇಲ್ಲ. ಈ ಹೋಲಿಕೆಯೆಲ್ಲ ನನ್ನದೇ. ನಾನು ಹೇಳಿದ್ದಕ್ಕೆ ಅವರು "ವಾಹ್!" ಅಂದು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. ಖರೇ ಹೇಳತೇನಿ, ನನ್ನ ಮಾತನ್ನು ಕಾಗದದ ಮೇಲೆ ಬರೆದುಕೊಂಡ ಮೊದಲ ಮನುಷ್ಯ ಅವರು.

"ಒಂದೇ ಒಂದು ಮೋಡಕ್ಕ ಅಂಜಬೇಕು" ಅಂದಿದ್ದರು. "ಅದಕ್ಕ ಅಂತಸ್ತಿನ ಅದಬು ಇಲ್ಲ, ಮರ್ಯಾದಿ ಇಲ್ಲ. ಕೆಳಗ ಹುಟ್ಟಿ ಮೂರೂ ಅಂತಸ್ತು ಸೀಳಿಕೊಂಡು ಏರತದ. ತುದಿಗೆ ಮುಟ್ಟಿದ ಮ್ಯಾಲ ತಲಿ ಚಪ್ಪಟಿ ಆಗಿ ಕಮ್ಮಾರನ ಅಡಿಗಲ್ಲಿನಂಗ ಚಾಚತದ. ದೂರಿಂದ ಹಾಲಿನಂಗ ಬೆಳ್ಳಗ ಕಾಣತದ. ತಲಿ ಮ್ಯಾಲ ಬಂದಾಗ ನೋಡು, ಮಸಿ!"

ಅವರು ನನಗೆ ಮೋಡ ಕಲಿಸಿದರೆ ನಾನು ಅವರಿಗೆ ಊರಿನ ರೀತಿ ಕಲಿಸಿದೆ. ಅದರಲ್ಲಿ ಒಂದು ಕಣದ್ದು. ರಾಶಿ ಆಗುವಾಗ ಕಣದಲ್ಲಿ ಚಪ್ಪಲಿ ಮೆಟ್ಟಬಾರದು. ಅಯ್ಯನವರು ಬಂದು ಪೂಜೆ ಮಾಡುವ ತನಕ ರಾಶಿಗೆ ಹೊದಿಕೆ ಹಾಕಬಾರದು. ಎಲ್ಲಕ್ಕಿಂತ ಮೇಲಾಗಿ, ಕಣದಲ್ಲಿ ನಿಂತು ಮಳೆ ಅನ್ನುವ ಮಾತು ಬಾಯಿಂದ ಬರಲೇಬಾರದು. ಕರೆದಂತಾಗುತ್ತದೆ. "ನನ್ನ ಕೆಲಸಾನೇ ಮಳೀದು, ನನ್ನ ಹೆಸರೇ ಮಳಿ ಮುನ್ಶಿ. ಹಂಗಾದ್ರ ಕಣಕ್ಕ ನಾ ಬರೂದೇ ಬ್ಯಾಡ ಏನು!" ಅಂತ ನಕ್ಕಿದ್ದರು.

ಆದರೆ ಬಂದರು.

ಶಿವರಾತ್ರಿ ಆಗಿತ್ತು. ಬಿಳಿಜೋಳದ ರಾಶಿ ನಡುಕಣದಲ್ಲಿ ಆಳೆತ್ತರ ನಿಂತಿತ್ತು. ಇಡೀ ವರ್ಷದ ನಮ್ಮ ಅನ್ನ ಅದು. ಆಳಂದದ ಬೀಗರು ಮಾತು ಮುಗಿಸಲು ಅವತ್ತೇ ಬಂದಿದ್ದರು. ಅಪ್ಪ ಅವರನ್ನು ಹೆಮ್ಮೆಯಿಂದ ಕಣಕ್ಕೇ ಕರೆತಂದು ಕಂಬಳಿ ಹಾಸಿ ಕೂಡಿಸಿದ್ದ. ಅವ್ವ, ನಾನು ಬುತ್ತಿ ತಂದಿದ್ದೆವು. ಅಯ್ಯನವರು ಇನ್ನೊಬ್ಬರ ಕಣದ ಪೂಜೆ ಮುಗಿಸಿ ಬರುವುದಿತ್ತು. ಬಿಸಿಲು ಚುರುಚುರು, ನೆತ್ತಿಯ ಮೇಲೆ ಒಂದು ಚೂರು ಮೋಡವಿಲ್ಲ. ಭೀಮಾ ನದಿಯ ದಿಕ್ಕಿನಲ್ಲಿ ಮಾತ್ರ ದೂರದಲ್ಲಿ ಬೆಳ್ಳಗೆ ಒಂದು ನಿಂತಿತ್ತು. ಅದರ ತಲೆ ಚಪ್ಪಟೆಯಾಗಿತ್ತು. ನಾನು ನೋಡಿದೆ. ಅದೇ ಅಡಿಗಲ್ಲು.

ಅಷ್ಟರಲ್ಲಿ ಮುನ್ಶಿ ಏದುಸಿರು ಬಿಡುತ್ತ ಬಂದರು. ಅಂಚಿನಲ್ಲಿ ಚಪ್ಪಲಿ ಕಳೆದರು. "ಗೌಡ್ರ, ರಾಶಿ ಮುಚ್ಚರಿ. ಜಲ್ದಿ ಮುಚ್ಚರಿ" ಅಂದರು.

"ಪೂಜಿ ಆಗಿಲ್ರಿ ಮುನ್ಶಿ ಸಾಹೇಬ್ರ. ಯಾಕ ಮುಚ್ಚಬೇಕು?" ಅಂದ ಅಪ್ಪ.

ಮುನ್ಶಿ ಬಾಯಿ ತೆರೆದರು. ಮುಚ್ಚಿದರು. ಬೆರಳು ಎತ್ತಿ ಆ ಮೋಡ ತೋರಿಸಿದರು. ಬೀಗರಲ್ಲಿ ಹಿರಿಯರೊಬ್ಬರು ನಕ್ಕುಬಿಟ್ಟರು: "ಬೆಳ್ಳನ್ನ ಮೋಡಕ್ಕ ಯಾರರೆ ಅಂಜತಾರೇನ್ರಿ!" ಎಲ್ಲರೂ ನಕ್ಕರು. ಮುನ್ಶಿಯ ಕಣ್ಣು ನನ್ನ ಮೇಲೆ ಬಂದು ನಿಂತಿತು. ನೀನಾದರೂ ಹೇಳು ಅನ್ನುವ ಹಾಗೆ.

ನಾನು ಹೇಳಬಹುದಿತ್ತು. ಮಳೆ ಅನ್ನುವ ಆ ಮಾತೂ ಬೇಕಾಗಿರಲಿಲ್ಲ. "ಅಪ್ಪಾ, ಮುಚ್ಚು" ಅಂದಿದ್ದರೆ ಸಾಕಿತ್ತು, ನನ್ನ ಮಾತು ಅಪ್ಪ ತೆಗೆದುಹಾಕುತ್ತಿರಲಿಲ್ಲ. ಆದರೆ ನಿನಗೆ ಹೇಗೆ ಗೊತ್ತು ಅಂತ ಬೀಗರು ಕೇಳುತ್ತಿದ್ದರು. ಕಚೇರಿಯ ಗೋಡೆ, ಪರಗಂಡಸು, ದಿನಾ ಬೆಳಗಿನ ಮಾತು, ಎಲ್ಲ ಹೊರಗೆ ಬರುತ್ತಿತ್ತು. ನಾನು ತಲೆ ತಗ್ಗಿಸಿ ಸೆರಗಿನ ತುದಿ ತಿರುವುತ್ತ ನಿಂತೆ. ಮುನ್ಶಿ ಇನ್ನಷ್ಟು ಹೊತ್ತು ರಾಶಿಯನ್ನೂ ಮೋಡವನ್ನೂ ನೋಡಿದರು. ಚಪ್ಪಲಿ ಮೆಟ್ಟಿ ಹೋದರು.

ತಾಸು ತುಂಬಿರಲಿಲ್ಲ, ಹಗಲೇ ಕತ್ತಲಾಯಿತು. ಮೊದಲು ಗಾಳಿ, ಆಮೇಲೆ ಆಣೆಕಲ್ಲು, ಆಮೇಲೆ ನೀರು, ನೀರು... ಬೀಗರು ಓಡಿ ಮರದಡಿ ನಿಂತರು. ಅಪ್ಪ ಮೈಮೇಲಿನ ಧೋತರ ಬಿಚ್ಚಿ ರಾಶಿಯ ಮೇಲೆ ಹಾಕಿ ಅದರ ಮೇಲೆ ಬೋರಲು ಬಿದ್ದ. ಒಬ್ಬ ಮನುಷ್ಯನ ಮೈ ಎಷ್ಟು ಜೋಳ ಮುಚ್ಚುತ್ತದೆ ಹೇಳಿರಿ.

ಜೋಳ ಕಪ್ಪಾಯಿತು. ಆ ವರ್ಷವಿಡೀ ಅದೇ ಮುಗ್ಗು ರೊಟ್ಟಿ ತಿಂದೆವು. ಲಗ್ನವೇನೋ ನಿಲ್ಲಲಿಲ್ಲ, ನಾನು ಆಳಂದದ ಸೊಸೆಯಾದೆ. ಕೆಟ್ಟದ್ದೆಲ್ಲ ಮುನ್ಶಿಯ ತಲೆಗೆ ಬಂತು. "ಅಂವ ರಾಶಿ ಹ್ಯಾಂಗ ನೋಡಿದ ನೋಡಿರೇನು? ಅವನದೇ ನದರ ಬಿತ್ತು" ಅಂದ ಅಪ್ಪ. ಮರುದಿನದಿಂದ ರೊಟ್ಟಿ ಕಳಿಸುವುದು ನಿಂತಿತು. ಬೇರೆ ಮನೆಗಳೂ ಕದ ಹಾಕಿಕೊಂಡವು. ಅವರು ಕಾಣುತ್ತಲೇ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ನಾನು ಹಿತ್ತಲ ಕಡೆ ಹೋಗುವುದನ್ನೇ ಬಿಟ್ಟೆ. ಎರಡು ತಿಂಗಳಲ್ಲಿ ಅವರು ಕೇಳಿ ವರ್ಗ ಮಾಡಿಸಿಕೊಂಡು ಅಫಜಲಪುರಕ್ಕೆ ಹೋದರು.

ನಾಲ್ಕು ವರ್ಷದ ಮೇಲೆ ಗಂಡನ ಕಡೆಯವರ ಲಗ್ನಕ್ಕೆ ಅಫಜಲಪುರಕ್ಕೆ ಹೋಗಿದ್ದೆ. ಕಂಕುಳಲ್ಲಿ ಮಗ. ಸಂದಿಯಲ್ಲಿ ಎದುರಾದರು, ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕಾಲಿಗೆ ಬೀಳಲು ಬಾಗಿದೆ, ತಡೆದರು. "ಕಾಕಾ, ಅವತ್ತು ಕಣದಾಗ ನಾ..." ಅಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಅದಕ್ಕ ಯಾಕ ಅಳಾಕತ್ತಿ ಬೇಟಿ?" ಅಂದರು. "ನಾನರೆ ಇನ್ನೇನು ಮಳಿ ಅಂದು ರೀತಿ ಮುರೀತಿದ್ದೆ. ನೀ ಮುರೀಲಿಲ್ಲ. ಬಾಯಿ ಬಿಗಿ ಹಿಡದು ಅಪ್ಪನ ಕಣದ ಮಾನ ಕಾದಿ. ನಾ ಎಲ್ಲಾರ ಮುಂದ ನಿನ್ನ ಸುದ್ದಿ ಹೇಳತೇನಿ."

ಅವರ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಹೆಮ್ಮೆಯಿತ್ತು. ನಾನು ಮಗನ ಟೊಪ್ಪಿಗೆ ಸರಿಮಾಡಿದೆ. "ಹೌದ್ರಿ ಕಾಕಾ" ಅಂದೆ.

ಮುಂದೆ ನಿಜಾಮರ ರಾಜ್ಯ ಬೀಳುವ ಗದ್ದಲದ ವರ್ಷಗಳು ಬಂದವು. ಅವರು ಎತ್ತ ಹೋದರೋ, ಇದ್ದರೋ ಇಲ್ಲವೋ... ಕೇಳಿದವರೆಲ್ಲ ಗೊತ್ತಿಲ್ಲ ಅಂದರು. ಅಪ್ಪ ಹೋದ, ಗಂಡ ಹೋದರು. ಈಗ ನನಗೆ ಅಂಜಿಕೆ ಹಾಕುವವರು ಯಾರೂ ಉಳಿದಿಲ್ಲ, ಆ ಮಾತು ಯಾರಿಗೆ ಸಲ್ಲಬೇಕಿತ್ತೋ ಅವರೂ ಉಳಿದಿಲ್ಲ. ರೀತಿ ಅಲ್ಲ ಕಾಕಾ. ನಾ ನನ್ನ ಲಗ್ನ ಮುರೀತದಂತ ಅಂಜಿ ಬಾಯಿ ಮುಚ್ಚಿದ್ದೆ.