ಬಿಚ್ಚದೆ ಬಿಟ್ಟ ಒಂದು ಹೊಲಿಗೆ

ಹೋದ ವಾರ ಕೃಷ್ಣರಾಜಪೇಟೆಯ ಔಷಧಿ ಅಂಗಡಿಯಲ್ಲಿ ಹತ್ತಿ, ಬ್ಯಾಂಡೇಜು, ಟಿಂಚರು ಕೇಳಿದೆ. ಬಾಟಲಿಯ ಮುಚ್ಚಳ ಸಡಿಲವಿತ್ತು, ಕಂದು ಔಷಧಿ ಒಂದಿಷ್ಟು ಗಾಜಿನ ಮೇಲೆ ಚೆಲ್ಲಿತು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಎಡ ಮುಂಗೈಯ ಹಳೆಯ ಗಾಯದ ಗೆರೆ ಚುರುಗುಟ್ಟಿದಂತಾಯಿತು. ಇಪ್ಪತ್ತು ವರ್ಷದ ಹಿಂದೆ ಈ ವಾಸನೆಯನ್ನು ಅಂಗಿಯ ತುಂಬ ಹೊತ್ತುಕೊಂಡು ತಿರುಗುತ್ತಿದ್ದ ಒಬ್ಬರು ಇದೇ ಪೇಟೆಯಲ್ಲಿದ್ದರು. ಆಸ್ಪತ್ರೆಯಲ್ಲಿ ಗಾಯ ಕಟ್ಟುವ ಡ್ರೆಸ್ಸರ್ ಸಾಹೇಬರು...

ಆಗ ನಾನು ಬಸ್ ಸ್ಟ್ಯಾಂಡಿನ ಮುಂದೆ ಆಟೋ ಓಡಿಸುತ್ತಿದ್ದೆ. ಒಂದು ದಿನ ಸರದಿ ತಪ್ಪಿಸಿ ಗಿರಾಕಿಗಳನ್ನು ಹತ್ತಿಸಿಕೊಂಡೆನೆಂದು ಇನ್ನೊಬ್ಬ ಆಟೋದವನಿಗೂ ನನಗೂ ಜಗಳ ಹತ್ತಿತು. ತಪ್ಪು ನನ್ನದೇ, ಈಗ ಹೇಳಬಹುದು. ಅವನು ಸೋಡಾ ಬಾಟಲಿ ಒಡೆದು ಬೀಸಿದ. ನನ್ನ ಮುಂಗೈ ಸೀಳಿತು, ಬಾಟಲಿ ಹಿಡಿದಿದ್ದ ಅವನ ಬಲ ಅಂಗೈಯೂ ಸೀಳಿತು. ಇಬ್ಬರ ಬುದ್ಧಿಯೂ ಅಷ್ಟರಲ್ಲೇ ಇತ್ತು.

ಡಾಕ್ಟರು ನನಗೆ ಏಳು ಹೊಲಿಗೆ ಹಾಕಿ ಹೋದರು. ಸಾಹೇಬರು ಬಟ್ಟೆ ಸುತ್ತುತ್ತಿದ್ದಾಗ ಬೂಕನಕೆರೆಯಿಂದ ನಮ್ಮಣ್ಣ ಬಂದ. ಜೊತೆಗೆ ನಾಲ್ಕು ಜನರನ್ನೂ ಕರೆತಂದಿದ್ದ.

"ಅವನ್ನ ಸುಮ್ನೆ ಬುಡಾಕಿಲ್ಲ" ಅಂದ.

ಸಾಹೇಬರು ತಲೆ ಎತ್ತಲಿಲ್ಲ. "ಬುಡ್ಬೇಡಪ್ಪ. ಆದ್ರೆ ಒಂದ್ ಮಾತು ಕೊಡು. ಏಳೇ ದಿನ. ಹೊಲಿಗೆ ಬಿಚ್ಚೋಗಂಟ ಏನೂ ಮಾಡ್ಬೇಡ. ಗಲಾಟೆ ಆದ್ರೆ ಇವ್ನೂ ನುಗ್ತಾನೆ, ಹೊಲಿಗೆ ಕಿತ್ತೋಯ್ತದೆ. ಕೀವಾದ್ರೆ ಕೈನೇ ಹೋಯ್ತದೆ."

"ಏಳ್ ದಿನ ತಾನೆ" ಅಂತ ಅಣ್ಣ ಮಾತು ಕೊಟ್ಟ. ಅವನು ಮುಂಗೋಪಿ, ಆದರೆ ಕೊಟ್ಟ ಮಾತಿಗೆ ತಪ್ಪುವವನಲ್ಲ. ಅದು ಸಾಹೇಬರಿಗೆ ಅವನ ಮುಖ ನೋಡಿಯೇ ತಿಳಿಯಿತೋ ಏನೋ...

ಮಾರನೆಯ ದಿನ ಹತ್ತು ಗಂಟೆಗೆ ಬಟ್ಟೆ ಬದಲಾಯಿಸಲು ಹೋದರೆ ಬೆಂಚಿನ ಆ ತುದಿಯಲ್ಲಿ ಅವನು ಕೂತಿದ್ದ, ಕೈ ಕುಯ್ದವನು. ಅವನಿಗೂ ಹತ್ತು ಗಂಟೆಯೇ. ಸಾಹೇಬರು ಸೈಕಲ್ಲಿನಲ್ಲಿ ಅವನ ಮನೆಗೇ ಹೋಗಿ ಹೇಳಿ ಬಂದಿದ್ದರೆಂದು ಆಮೇಲೆ ಗೊತ್ತಾಯಿತು. ಇಬ್ಬರೂ ಎದುರು ಗೋಡೆ ನೋಡಿಕೊಂಡು ಕೂತೆವು. ಸಾಹೇಬರು ಮಾತ್ರ ಹತ್ತಿ ಹರಿಯುತ್ತಾ ಯಾರಿಗೆಂದಿಲ್ಲದೆ ಹೇಳುತ್ತಿದ್ದರು: "ಸಿಟ್ಟಲ್ಲಿ ಕುಯ್ದ ಮೂಗು ಶಾಂತಿಲಿ ಬಂದೀತಾ? ಹೊಲಿಯೋಕೆ ನಾವಿದೀವಿ, ಮೂಗು ಸಿಕ್ಬೇಕಲ್ಲ."

ಐದನೆಯ ದಿನ ಅವನು ಹೊರಗೆ ಹೊಂಗೆ ಮರದ ಕೆಳಗೆ ಬಾಯಲ್ಲಿ ಬೀಡಿ ಕಚ್ಚಿಕೊಂಡು ಒದ್ದಾಡುತ್ತಿದ್ದ. ಒಂದೇ ಕೈಯಲ್ಲಿ ಕಡ್ಡಿ ಗೀರಲು ಬರುತ್ತದೆಯೇ? ಮೂರು ಕಡ್ಡಿ ಮುರಿದ. ನೋಡಲಾರದೆ ನಾನು ಬಲಗೈಯಲ್ಲಿ ಬೆಂಕಿಪೆಟ್ಟಿಗೆ ಹಿಡಿದುಕೊಂಡೆ. ಅವನು ಎಡಗೈಯಲ್ಲಿ ಗೀರಿದ. ಅರ್ಧ ಸೇದಿ ಉಳಿದದ್ದನ್ನು ನನಗೆ ಕೊಟ್ಟ. ಕಿಟಕಿಯಲ್ಲಿ ಸಾಹೇಬರು ಕಂಡರು.

ಏಳನೆಯ ದಿನ ಅಣ್ಣ ಬಾಗಿಲಲ್ಲೇ ನಿಂತಿದ್ದ. ಸಾಹೇಬರು ಆರು ಹೊಲಿಗೆ ಬಿಚ್ಚಿ ಕತ್ತರಿ ಕೆಳಗಿಟ್ಟರು. "ಇದೊಂದು ಇನ್ನೂ ಹಸಿ ಅದೆ. ಐದ್ ದಿನ ಬುಟ್ಟು ಬಾ." ಅಣ್ಣ ಹಲ್ಲು ಕಡಿಯುತ್ತಾ ಊರಿಗೆ ಹೋದ. ಐದು ದಿನದ ಮೇಲೆ ಅವನು ಬರಲೇ ಇಲ್ಲ. ಹಸು ಈದಿತ್ತು, ಕೆಲಸವಿತ್ತು.

ಕೊನೆಯ ಹೊಲಿಗೆ ಬಿಚ್ಚುವಾಗ ಕೇಳಿದೆ, ನಿಜವಾಗಿಯೂ ಹಸಿ ಇತ್ತೇ ಎಂದು. ಸಾಹೇಬರು ನಕ್ಕರು. "ಹೊಡೆದಾಟ ಕಜ್ಜಿ ಇದ್ದಂಗೆ ಬೇಟಾ. ಒಬ್ಬನಿಗೆ ಬಂದ್ರೆ ಮನೆಮಂದಿಗೆಲ್ಲ ಅಂಟ್ತದೆ. ಇವತ್ತು ನೀನು ಬಂದೆ, ವಾರದೊಳಗೆ ನಾಕ್ ಜನ ಬರ್ತಾರೆ. ಅದನ್ನ ತಡೀಬೇಕಲ್ಲ." ಪೇಟೆಯಲ್ಲಿ ಎಷ್ಟು ಜನರ ಮೈಮೇಲೆ ಹೀಗೆ ಒಂದೊಂದು ಹೊಲಿಗೆ ಉಳಿಸಿದ್ದರೋ, ಹೇಳಲಿಲ್ಲ.

ಅವರು ನಿವೃತ್ತರಾದರು. ಮೂರು ವರ್ಷದ ಹಿಂದೆ ತೀರಿಹೋದರು. ಆ ದಿನ ನಾನು ನಾಗಮಂಗಲದ ಕಡೆ ಬಾಡಿಗೆಗೆ ಹೋಗಿದ್ದೆ, ಮಣ್ಣಿಗೆ ಹೋಗಲಿಲ್ಲ. ಆಮೇಲೆ ಅವರ ಮನೆಗಾದರೂ ಹೋಗಬಹುದಿತ್ತು, ಆಗಲೂ ಹೋಗಲಿಲ್ಲ. ಅದಕ್ಕೆ ನನಗೆ ನಾಚಿಕೆಯಿದೆ.

ಹೋದ ವಾರ ಅಣ್ಣನ ಮಗನಿಗೆ ಕುಯ್ದರು. ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನು. ಬೈಕು ನಿಲ್ಲಿಸುವ ಜಾಗಕ್ಕೆ ಪಕ್ಕದ ಅಂಗಡಿಯವನ ಜೊತೆ ಜಗಳ, ತೋಳಿಗೆ ಚಾಕು. ನಾನು ಆಸ್ಪತ್ರೆಗೆ ಓಡಿದಾಗ ಅವನ ಕಣ್ಣಲ್ಲಿ ಅವರಪ್ಪನೇ ಕೂತಿದ್ದ. ಬಾಯಿಗೆ ಬಂದ ಮಾತು ಸಾಹೇಬರದ್ದೇ: "ಹೊಲಿಗೆ ಬಿಚ್ಚೋಗಂಟ ಏನೂ ಮಾಡ್ಬೇಡ ಕಣ್ಲಾ."

"ಇದು ಬಿಚ್ಚೋ ಹೊಲಿಗೆ ಅಲ್ವಂತೆ ಚಿಕ್ಕಪ್ಪ" ಅಂದ. "ದಾರ ತಾನೇ ಕರಗೋಯ್ತದಂತೆ."

ಒಳ್ಳೆಯ ದಾರವೇ ಇರಬೇಕು. ಆದರೆ ಬಿಚ್ಚುವ ದಿನವೇ ಇಲ್ಲದಿದ್ದರೆ ಇವನನ್ನು ಯಾವ ದಿನದವರೆಗೆ ಅಂತ ತಡೆಯುವುದು? "ದಿನಾ ಬಟ್ಟೆ ಬದ್ಲಾಯ್ಸ್ಬೇಕು, ನಮ್ಮನೆಗೆ ಬಾ, ನಾನೇ ಕಟ್ತೀನಿ. ಗಾಯ ಒಣಗೋಗಂಟ ಸುಮ್ಕಿರ್ತೀನಿ ಅಂತ ಮಾತು ಕೊಡು" ಅಂದೆ. ಗೊಣಗಿಕೊಂಡೇ ಕೊಟ್ಟ. ಅಲ್ಲಿಂದ ನೇರ ಔಷಧಿ ಅಂಗಡಿಗೆ ಹೋಗಿದ್ದು ನಾನು.

ಇವತ್ತು ಒಂಬತ್ತನೆಯ ದಿನ. ನಾನು ಕಟ್ಟುವ ಕಟ್ಟು ಮನೆ ತಲುಪುವ ಮೊದಲೇ ಜಾರುತ್ತದೆ, ಆದರೂ ಅವನು ಒಂದು ದಿನವೂ ತಪ್ಪಿಸಿಲ್ಲ. ನಮ್ಮನೆ ಜಗುಲಿಯ ಬೆಂಚಿನ ಆ ತುದಿ ಮಾತ್ರ ಖಾಲಿ, ಚಾಕು ಹಾಕಿದವನನ್ನು ಕರೆತಂದು ಕೂರಿಸಲು ನನಗೆ ಬರಲಿಲ್ಲ. ಆವತ್ತು ಆ ಆಟೋದವನ ಮನೆಗೆ ಹೋಗಿ ಏನು ಹೇಳಿ ಕರೆತಂದಿರಿ ಎಂದು ಸಾಹೇಬರನ್ನು ನಾನು ಕೇಳಿರಲೇ ಇಲ್ಲ. ಇನ್ನು ಯಾರನ್ನು ಕೇಳಲಿ...

ಬೆಳಿಗ್ಗೆ ಬಟ್ಟೆ ಬಿಚ್ಚಿದೆ. ಗಾಯ ಚೆನ್ನಾಗಿ ಕೂಡಿತ್ತು. ಅವನು ಮುಷ್ಟಿ ಬಿಗಿದು ನೋಡಿದ.

"ಒಣಗೋಯ್ತಲ್ಲ ಚಿಕ್ಕಪ್ಪ?"

ನಾನು ಹತ್ತಿಗೆ ಟಿಂಚರು ಸುರಿದೆ. "ಈ ತುದಿ ಇನ್ನೂ ಹಸಿ ಅದೆ ಕಣ್ಲಾ. ನಾಳೆನೂ ಬಾ."

ಅವನು ಗಾಯವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ ತೋಳು ಮುಂದಕ್ಕೆ ಚಾಚಿದ.