ಬೋಗುಣಿಯ ತಳದ ಶೇಂಗಾ

ಖಾರ ಮಂಡಕ್ಕಿಯನ್ನು ನೀವು ಎಷ್ಟೇ ಚೆನ್ನಾಗಿ ಕಲಸಿಡಿ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಶೇಂಗಾವೆಲ್ಲ ಬೋಗುಣಿಯ ತಳ ಸೇರಿರುತ್ತದೆ. ಹಗುರಾದದ್ದು ಮೇಲೆ, ತೂಕದ್ದು ಕೆಳಗೆ. ಹೊಸಬರು ಮೇಲುಮೇಲಿನ ಮಂಡಕ್ಕಿಯನ್ನೇ ಮುಕ್ಕಿ, ಬಾಯಿ ಒರೆಸಿಕೊಂಡು ಏಳುತ್ತಾರೆ. ಪಳಗಿದವರ ಕೈ ನೆಟ್ಟಗೆ ತಳಕ್ಕೇ ಇಳಿಯುತ್ತದೆ. ನಮ್ಮ ಪಡಸಾಲೆಯಲ್ಲಿ ತಿಂಗಳಿಗೊಮ್ಮೆ ಈ ಕೈಗಳನ್ನು ನೋಡುತ್ತಾ ಕೂರುವುದು ನನ್ನ ಪಾಲಿಗೆ ಬಂದಿದೆ. ಯಾರ ಕೈ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದರ ಮೇಲೆ ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂದು ಹೇಳಿಬಿಡಬಲ್ಲೆ.

ನನ್ನ ಸೊಸೆ ಗೀತಾ ನಮ್ಮ ಪಟ್ಟಣ ಪಂಚಾಯಿತಿಯ ಅಧ್ಯಕ್ಷೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ರಾತ್ರಿ ನನಗೆ ಮುದ್ದೆ ಸಿಗುವುದಿಲ್ಲ. ಹೊನ್ನಾಳಿಗೋ ನ್ಯಾಮತಿಗೋ ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಮಧ್ಯಾಹ್ನದ ಊಟಕ್ಕೆ ಮರಳಬಹುದಾದಷ್ಟು ದೂರ ಅಂದುಕೊಳ್ಳಿ. ಪಂಚಾಯಿತಿಯ ಸಭೆ ನಡೆಯುವುದು ಕಚೇರಿಯಲ್ಲೇ, ಫ್ಯಾನಿನ ಕೆಳಗೆ, ಹಸಿರು ಬಟ್ಟೆ ಹಾಸಿದ ಮೇಜಿನ ಸುತ್ತ. ಆದರೆ ಆ ಸಭೆಯಲ್ಲಿ ಏನು ನಡೆಯಬೇಕು ಎಂಬುದು ತೀರ್ಮಾನವಾಗುವುದು ಅದಕ್ಕೂ ಮುಂಚೆ, ನಮ್ಮ ಮನೆಯ ಚಾಪೆಯ ಮೇಲೆ, ಈ ಬೋಗುಣಿಯ ಸುತ್ತ. ಯಾವ ವಿಷಯ ಮೊದಲು, ಯಾವುದು ಆಮೇಲೆ, ಯಾವುದಕ್ಕೆ ಎಲ್ಲರೂ ಕೈ ಎತ್ತಬೇಕು, ಯಾವುದಕ್ಕೆ ಯಾರು ಮೇಜು ಗುದ್ದಬೇಕು, ಎಲ್ಲವೂ ಇಲ್ಲೇ. ಕೇಳಿದರೆ ನಗುತ್ತೀರಿ, ವಿರೋಧ ಪಕ್ಷದ ರುದ್ರೇಶನೂ ಬಂದು ಕೂತಿರುತ್ತಾನೆ. ಎಷ್ಟನೇ ವಿಷಯಕ್ಕೆ ತಾನು ಕೂಗಾಡಿ ಹೊರಗೆ ನಡೆಯಬೇಕು, ಊಟಕ್ಕೆ ಎಷ್ಟು ಹೊತ್ತಿಗೆ ಒಳಗೆ ಬರಬೇಕು ಎಂದು ಕೇಳಿ ತಿಳಿದುಕೊಂಡು, ಕೈತುಂಬ ಶೇಂಗಾ ಹೆಕ್ಕಿಕೊಂಡು ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಾನೆ. ಕಚೇರಿಯಿಂದ ಅಚ್ಚಾಗಿ ಬರುವ ಕಾರ್ಯಸೂಚಿಯನ್ನು ಓದುವ ಅಭ್ಯಾಸ ನಮ್ಮ ಸದಸ್ಯರಿಗಿಲ್ಲ. ಚಾಪೆಯ ಮೇಲೆ ಆದದ್ದೇ ಕಾರ್ಯಸೂಚಿ.

ನಾನು ಶಾಲೆಗೆ ಹೋದದ್ದು ಕಡಿಮೆ, ಆದರೆ ಕಿವಿ ಕಿವುಡಲ್ಲ. ತಿಂಗಳು ತಿಂಗಳೂ ಕೇಳುತ್ತಾ ಒಂದು ವಿಷಯ ನನ್ನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಸಂತೆ ಮೈದಾನದಲ್ಲಿ ಹೆಂಗಸರಿಗೊಂದು ಶೌಚಾಲಯ ಕಟ್ಟಿಸುವ ಮಾತು ಪ್ರತಿ ಸಲವೂ ಕಾರ್ಯಸೂಚಿಯ ಕಟ್ಟಕಡೆಗೆ ಇರುತ್ತಿತ್ತು. ಅದರ ಸರದಿ ಬರುವ ಹೊತ್ತಿಗೆ ಕಚೇರಿಯ ಪಕ್ಕದ ಕೋಣೆಯಿಂದ ಪಲಾವಿನ ವಾಸನೆ ಬರುತ್ತಿತ್ತು. ಅಲ್ಲಿಗೆ ಮುಗಿಯಿತು, ‘ಮುಂದಿನ ಸಭೆಗೆ ಮುಂದೂಡಲಾಗಿದೆ’.

ಇದನ್ನು ಕಡೆಗೆ ತಳ್ಳುತ್ತಿದ್ದವರು ಗಂಡಸರು ಎಂದು ನೀವು ಎಣಿಸುತ್ತೀರಿ. ನಾನೂ ಹಾಗೇ ಎಣಿಸಿದ್ದೆ. ಅಲ್ಲ, ಗೀತಾಳೇ ಅದನ್ನು ಅಲ್ಲಿ ಬರೆಸುತ್ತಿದ್ದಳು. ಯಾಕೆ ಅಂದರೆ, “ಎಲ್ರದೂ ಮುಗೀಲಿ ಅತ್ತೆ, ನಮ್ದು ಆಮೇಲೆ ನಿಧಾನಕ್ಕೆ ಮಾತಾಡಾಕೆ ಬರುತ್ತೆ” ಅಂದಳು. ಆ ಮಾತು ಕೇಳಿ ನನಗೆ ಮೈ ಉರಿಯಿತು. ಎಲ್ಲರಿಗೂ ಬಡಿಸಿ, ಪಾತ್ರೆಯ ತಳ ಕೆರೆದು ತಾನು ಉಣ್ಣುವ ಹೆಂಗಸು ಅಧ್ಯಕ್ಷರ ಕುರ್ಚಿಯಲ್ಲಿ ಕೂತರೂ ಅದನ್ನೇ ಮಾಡುತ್ತಾಳೆ. ಅವಳ ಕೈಗೆ ಊರಿನ ಮೊಹರು ಬಂದಿತ್ತು, ಸೌಟು ಮಾತ್ರ ಕೈ ಬಿಟ್ಟಿರಲಿಲ್ಲ. ಅಡುಗೆಮನೆಯಲ್ಲಿ ಕಡೆಗೆ ಉಂಡರೆ ತಣ್ಣಗಿನ ಸಾರಾದರೂ ಉಳಿದಿರುತ್ತದೆ, ಸಭೆಯಲ್ಲಿ ಕಡೆಗೆ ಉಳಿಯುವುದು ಖಾಲಿ ಕುರ್ಚಿಗಳು.

ಇಷ್ಟಕ್ಕೆಲ್ಲ ಈ ಮುದುಕಿಗೆ ಯಾಕೆ ಕೂತಲ್ಲಿ ಕೂರಲಾಗದಂಥ ಚಡಪಡಿಕೆ ಎಂದರೆ, ಹನುಮಕ್ಕನಿಂದ. ಗೋವಿನಕೋವಿ ಕಡೆಯಿಂದ ಸಂತೆಗೆ ಸೊಪ್ಪು ತರುವವಳು. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟವಳು ಸಂಜೆಯ ಬಸ್ಸಿನವರೆಗೂ ಬಿಸಿಲಲ್ಲಿ ಕೂತಿರುತ್ತಾಳೆ. ತೀರಾ ತಡೆಯಲಾಗದಿದ್ದರೆ ನಮ್ಮ ಹಿತ್ತಲ ಬಾಗಿಲು ತಟ್ಟುತ್ತಾಳೆ. ಹೋಗುವಾಗ ಒಂದು ಕಟ್ಟು ಮೆಂತೆ ಸೊಪ್ಪು ಕಟ್ಟೆಯ ಮೇಲೆ ಇಟ್ಟು ಹೋಗುತ್ತಾಳೆ. ಬೇಡ ಎಂದು ಬೈದರೂ ಇಡುತ್ತಾಳೆ. ಮೈಗೆ ನೀರು ಸಾಲದೆ ಅವಳಿಗೆ ಉರಿಮೂತ್ರ ಹತ್ತಿ, ಆಸ್ಪತ್ರೆಯಲ್ಲಿ ನೀರು ಚೆನ್ನಾಗಿ ಕುಡಿ ಎಂದು ಹೇಳಿ ಕಳಿಸಿದ್ದರು. ಮಗಳು ದಿನಾ ಬಾಟ್ಲಿ ತುಂಬಿಸಿ ಕೊಡುತ್ತಾಳೆ. ಹನುಮಕ್ಕ ಅದನ್ನು ಹಾಗೇ ತುಂಬಿದ್ದಂತೆ ಊರಿಗೆ ವಾಪಸ್ ಒಯ್ಯುತ್ತಾಳೆ.

“ಕುಡಿಯೇ, ಸತ್ತುಗಿತ್ತು ಹೋದೀಯ” ಅಂದೆ ಒಂದು ಸಂತೆಯ ದಿನ.

“ಕುಡುದ್ರೆ ಎಲ್ಲಿಗೆ ಹೋಗ್ಲಿ ಅಕ್ಕಾರೆ? ನಿಮ್ಮ ಬಾಗ್ಲ ಎಷ್ಟು ಸಲ ಬಡೀಲಿ? ಸೊಪ್ಪು ಯಾರು ಕಾಯ್ತಾರೆ, ನಿಮ್ಮ ಅಧ್ಯಕ್ಷರಾ?”

ಆ ಪ್ರಶ್ನೆಯನ್ನು ಸೆರಗಿಗೆ ಕಟ್ಟಿಕೊಂಡೇ ಒಳಗೆ ಬಂದೆ.

ಮುಂದಿನ ಸಲ ಚಾಪೆ ಹಾಸಿದಾಗ ಮಂಡಕ್ಕಿ ಇಟ್ಟು, ಎಂದಿನಂತೆ ಕಂಬಕ್ಕೆ ಒರಗಿ ಕೂತೆ. ರುದ್ರೇಶನಿಗೆ ಮೂರನೇ ವಿಷಯಕ್ಕೆ, ಬೀದಿ ದೀಪದ ಗುತ್ತಿಗೆಗೆ, ಕೂಗಾಡುವ ಪಾಳಿ ಬಂತು. ಅವನು ಶೇಂಗಾ ಹೆಕ್ಕಿಕೊಂಡು ಹೊರಟ. ಅವನು ಗೇಟು ದಾಟಿದ ಮೇಲೆ ನಾನು ಬಾಯಿ ಬಿಟ್ಟೆ, ಶೌಚಾಲಯ ಮೊದಲು ಬರಲಿ ಅಂದೆ. ಉಪಾಧ್ಯಕ್ಷ ಚಂದ್ರಣ್ಣನಿಗೆ ಮಂಡಕ್ಕಿ ನೆತ್ತಿಗೇರಿತು.

“ಏನಜ್ಜಿ ನೀವು, ದೇವ್ರ ಫೋಟೋಕ್ಕೆ ಹೂ ಹಾಕಿ ಕೂತಿರ್ತೀವಿ, ಮೊದ್ಲಿಗೇ ಕಕ್ಕಸ್ಸಿಂದು ತೆಗೆಯಾಕಾಗುತ್ತಾ? ಹೆಂಗಿರುತ್ತೆ ಅದು?”

“ಬೆಳಿಗ್ಗೆ ಎದ್ದು ನೀನು ಮೊದ್ಲು ಎಲ್ಲಿಗೆ ಹೋಗ್ತೀಯಪ್ಪಾ, ದೇವ್ರ ಮನೆಗಾ?”

ಎಲ್ಲರೂ ನಕ್ಕರು, ಗೀತಾ ನಗಲಿಲ್ಲ. ಅವಳು ನನ್ನ ಕಡೆ ನೋಡಿ, ಕಾಗದದ ಕಡೆ ನೋಡಿ, ಹಿಂದಿನ ಸಭೆಯ ನಡಾವಳಿ ಮತ್ತು ಜಮಾಖರ್ಚು ಮೊದಲು ಬರಲೇಬೇಕು, ಅದು ಪದ್ಧತಿ ಎಂದು ಹೇಳಿ, ಶೌಚಾಲಯವನ್ನು ಮೂರನೆಯದಾಗಿ ಬರೆದಳು. ಬೀದಿ ದೀಪ ಒಂದು ಮೆಟ್ಟಿಲು ಕೆಳಗೆ ಇಳಿಯಿತು. ಸ್ಥಾನ ಬದಲಾದದ್ದನ್ನು ರುದ್ರೇಶನಿಗೆ ಹೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ಸಭೆಯ ದಿನ ಸಂತೆಯೂ ಇತ್ತು. ನಾನು ಕಚೇರಿಯ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಮೂರನೇ ವಿಷಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ರುದ್ರೇಶ ಎದ್ದು ಮೇಜು ಗುದ್ದಿದ. ಮುಂದೆ ಏನು ಓದಿದರೂ ಕೇಳಿಸಿಕೊಳ್ಳಲಿಲ್ಲ. ಇದು ಹಗಲು ದರೋಡೆ, ಊರಿಗೆ ಇದು ಬೇಕಿಲ್ಲ, ಪ್ರಾಣ ಹೋದರೂ ಬಿಡುವುದಿಲ್ಲ ಎಂದು ಗಂಟಲು ಹರಿಯುವಂತೆ ಕೂಗಿ, ತನ್ನವರನ್ನು ಕರೆದುಕೊಂಡು ನನ್ನ ಮುಂದೆಯೇ ಹೊರಗೆ ನಡೆದ. ಒಳಗೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ವಿರೋಧಿಸುವವರು ಯಾರೂ ಇಲ್ಲವಾದ್ದರಿಂದ, “ಆಗ್ಲಿ, ಆಗ್ಲಿ, ಮುಂದಿಂದು ತಗೊಳ್ರಿ” ಎಂದ ಚಂದ್ರಣ್ಣ. ಹನುಮಕ್ಕ ವರ್ಷಗಟ್ಟಲೆ ತಡೆದುಕೊಂಡದ್ದು ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಮಂಜೂರಾಯಿತು.

ಹೊರಗೆ ಟೀ ಅಂಗಡಿಯಲ್ಲಿ ರುದ್ರೇಶನಿಗೆ ಬೇರೆಯೇ ಸಭೆ ಕಾದಿತ್ತು. ಸುದ್ದಿ ಅವನಿಗಿಂತ ಮೊದಲು ಸಂತೆ ಮುಟ್ಟಿತ್ತು. ಹನುಮಕ್ಕ ಸೊಪ್ಪಿಗೆ ಗೋಣಿಚೀಲ ಹೊದಿಸಿ ಎದ್ದು ಬಂದು, ಅವನ ಮುಂದೆ ಸೊಂಟದ ಮೇಲೆ ಕೈ ಇಟ್ಟು ನಿಂತಳಂತೆ.

“ಏನಪಾ, ಹೆಂಗಸ್ರಿಗೆ ಕಕ್ಕಸ್ಸು ಕಟ್ಟಿದ್ರೆ ನಿನ್ನ ಪ್ರಾಣ ಹೋಗುತ್ತಂತೆ?”

“ಯವ್ವಾ, ನಾನು ಕೂಗಿದ್ದು ಲೈಟ್ ಕಂಬಕ್ಕೆ ಕಣವ್ವ!”

“ಕಂಬಕ್ಕೆ ಕೂಗಾಕೆ ನೀನೇನು ಗೂಬೇನಾ?”

ಅವನು ಊಟಕ್ಕೂ ಕಾಯದೆ ಒಳಗೆ ಓಡಿಬಂದು, ತಾನು ಶೌಚಾಲಯದ ಪರವಾಗಿದ್ದೇನೆ ಎಂದು ಬರೆದುಕೊಳ್ಳಿ, ದೊಡ್ಡದಾಗಿ ಬರೆದುಕೊಳ್ಳಿ ಎಂದು ಗೋಗರೆದ.

ಇಲ್ಲಿಗೆ ಕಥೆ ಮುಗಿಸಿದ್ದರೆ ನಿಮಗೂ ಚೆನ್ನ, ನನಗೂ ನಿದ್ದೆ. ಆದರೆ ಮಂಜೂರಾದದ್ದು ಕಟ್ಟಿದಂತೆ ಅಲ್ಲವಲ್ಲ. ಅವಸರದಲ್ಲಿ ನಡಾವಳಿಗೆ ಬರೆದದ್ದು ‘ಸೂಕ್ತ ಸ್ಥಳದಲ್ಲಿ’ ಎಂದು. ಆ ಸೂಕ್ತ ಸ್ಥಳವನ್ನು ನಾನು ಹುಡುಕುತ್ತಲೇ ಇದ್ದೇನೆ. ಮೈದಾನದ ಒಂದು ಬದಿಗೆ ಚಂದ್ರಣ್ಣನ ಗೊಬ್ಬರದ ಅಂಗಡಿ, ಇನ್ನೊಂದು ಬದಿಗೆ ರುದ್ರೇಶನ ಭಾವಮೈದುನನ ಹೋಟೆಲು, ಮತ್ತೊಂದು ಬದಿಗೆ ಗುಡಿ, ಉಳಿದದ್ದು ರಸ್ತೆ. ಶೌಚಾಲಯ ಬೇಕು ಎನ್ನದವರು ಊರಲ್ಲಿ ಈಗ ಯಾರೂ ಇಲ್ಲ. ತಮ್ಮ ಗೋಡೆಯ ಹಿಂದೆ ಇರಲಿ ಎನ್ನುವವರೂ ಇಲ್ಲ. ಬೇಡ ಎನ್ನುವವನ ಜೊತೆ ಜಗಳವಾಡಬಹುದು, ಎಲ್ಲರೂ ಹೂಂ ಎನ್ನುವ ಊರಿನಲ್ಲಿ ಯಾರ ಕೊರಳಪಟ್ಟಿ ಹಿಡಿಯುವುದು? ಮೇಲಕ್ಕೆ ತಂದೆ ಎಂದು ನಾನು ಹಿಗ್ಗಿದ್ದ ವಿಷಯ, ನಾನು ನೋಡುತ್ತಿದ್ದಂತೆಯೇ, ಸದ್ದಿಲ್ಲದೆ ಮತ್ತೆ ತಳಕ್ಕೆ ಜಾರುತ್ತಿತ್ತು. ಒಂದು ಸಲ ಕಲಸಿದರೆ ಸಾಲದು, ಕೈ ತೆಗೆಯದೆ ಕಲಸುತ್ತಲೇ ಇರಬೇಕು. ನನ್ನ ಮಂಡಿನೋವಿಗೆ ಇದೆಲ್ಲ ಎಲ್ಲಿ ಸರಿಹೋಗುತ್ತದೆ ಹೇಳಿ. ಆದರೂ ಸಂಜೆ ಮೈದಾನದ ಸುತ್ತ ಒಂದು ಸುತ್ತು ಹಾಕದೆ ಇರಲಾರೆ. ಹನುಮಕ್ಕನ ಬಾಟ್ಲಿಯ ಮುಚ್ಚಳ ಇನ್ನೂ ಬಿಗಿಯಾಗಿಯೇ ಇದೆ.

ಮೊನ್ನೆ ಮತ್ತೆ ಚಾಪೆ ಹಾಸಿದರು. ನಾನು ಬೋಗುಣಿ ಇಟ್ಟೆ. ಮಾತು ಯುಗಾದಿಗೆ ಬೀದಿ ತೊಳೆಸುವುದರಿಂದ ಶುರುವಾಯಿತು. ಚಂದ್ರಣ್ಣನ ಕೈ ತಳಕ್ಕೆ ಇಳಿಯಿತು, ರುದ್ರೇಶನ ಕೈ ಅದರ ಹಿಂದೆ. ಇಬ್ಬರೂ ಬೋಗುಣಿಯ ತಳವನ್ನು ಬೆರಳಲ್ಲಿ ಕೆದಕಿದರು, ಮತ್ತೆ ಕೆದಕಿದರು.

“ಅಜ್ಜಿ, ಶೇಂಗಾ ಹಾಕಾಕೆ ಮರ್ತ್ರಾ?”

“ಮರ್ತಿಲ್ಲ. ಹುರಿದಿದ್ದು ಐತೆ, ಒಳಗೆ ಐತೆ. ಶೇಂಗಾದ ವಿಷ್ಯ ಮುಂದಿನ ಸಭೆಗೆ ಮುಂದೂಡೀನಿ.”

ಈ ಸಲ ಯಾರೂ ನಗಲಿಲ್ಲ. ರುದ್ರೇಶ ಕೈ ಒರೆಸಿಕೊಂಡ. ಗೀತಾ ಪೆನ್ನಿನ ಮುಚ್ಚಳ ತೆಗೆದು, ಯುಗಾದಿಯ ಸಾಲಿನ ಮೇಲೆ ಉಳಿದಿದ್ದ ಖಾಲಿ ಜಾಗದಲ್ಲಿ ‘ಶೌಚಾಲಯ’ ಎಂದು ಬರೆದು, ಚಂದ್ರಣ್ಣನನ್ನೇ ನೋಡುತ್ತಾ ಕೇಳಿದಳು.

“ಜಾಗ ಯಾವ್ದು ಅಂತ ಬರೀಲಿ, ಹೇಳ್ರಿ.”