ಅಟ್ಟದಲ್ಲಿ ಒಣಗಿದ ದನಿ

ಆಗ ನನಗೆ ಮೂವತ್ತೊಂದು ವರ್ಷ. ಅದಾಗಿ ಐವತ್ತೆರಡು ವರ್ಷವಾಯಿತು. ನಾವು ಕರಾವಳಿಯವರು, ನಾಸಿಕ್ ರೋಡ್ ಸ್ಟೇಷನ್ನಿನ ಎದುರು ನಮ್ಮ ಹೋಟೆಲು. ಮುಂದೆ ಗಿರಾಕಿ, ಹಿಂದೆ ಅಡುಗೆಮನೆ ಮತ್ತು ನಮ್ಮ ವಾಸ, ಮೇಲೆ ತಗಡು ಹೊದೆಸಿದ ಒಂದು ಕೋಣೆ. ಆ ಕೋಣೆಯಲ್ಲಿ ನನ್ನ ಮೈದುನ ಮತ್ತು ಅವನ ಮೂವರು ಸ್ನೇಹಿತರು ಗಿಟಾರು, ಡ್ರಮ್ಮು ಬಾರಿಸುತ್ತಿದ್ದರು. ಇಂಗ್ಲಿಷ್ ಹಾಡು. ಈಗ ನನ್ನ ಮೊಮ್ಮಗಳು ಅದಕ್ಕೆ ಹೆವಿ ಮೆಟಲ್ ಎನ್ನುತ್ತಾಳೆ. ಆಗ ನಮ್ಮ ಮನೆಯಲ್ಲಿ ಅದರ ಹೆಸರು ‘ಮೇಲಿನ ಗಲಾಟೆ’.

ಗಲಾಟೆಗೂ ಹೊತ್ತು ಗೊತ್ತುಮಾಡಿ ಕೊಟ್ಟಿದ್ದೆವು. ಮಧ್ಯಾಹ್ನ ಊಟದವರು ಹೋದ ಮೇಲೆ, ಸಂಜೆ ಚಹಾದವರು ಬರುವ ಮೊದಲು. ಮೈದುನನದು ಗಿಟಾರು. ಡ್ರಮ್ಮು ಬಾರಿಸುವವನು ಬೀದರ್ ಕಡೆಯವನು. ಅವನ ಅಪ್ಪ ಸ್ಟೇಷನ್ ಪೇಟೆಯಲ್ಲಿ ಬೇಳೆ ವ್ಯಾಪಾರ ಮಾಡುತ್ತಿದ್ದರು. ಅವನು ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ. ಉಳಿದಿಬ್ಬರು ಮರಾಠಿಯವರು. ಬರುತ್ತಿದ್ದರು, ತಿನ್ನುತ್ತಿದ್ದರು, ಒಬ್ಬ ಹಾಡುತ್ತಿದ್ದ, ಒಬ್ಬ ದಪ್ಪ ತಂತಿಯ ಗಿಟಾರು ಮೀಟುತ್ತಿದ್ದ. ಅವರ ಬಗ್ಗೆ ಹೆಚ್ಚು ಹೇಳಲು ನನಗೆ ಗೊತ್ತಿಲ್ಲ.

ಅದರ ಹಿಂದಿನ ವರ್ಷ ಮುಂಬಯಿಯ ರೆಕಾರ್ಡು ವ್ಯಾಪಾರಿಯೊಬ್ಬ ಇವರದೊಂದು ಸಣ್ಣ ರೆಕಾರ್ಡು ತೆಗೆದಿದ್ದ. ನಾನೂ ಕೇಳಿದೆ. ಕೆಟ್ಟದಾಗಿರಲಿಲ್ಲ. ಸಕ್ಕರೆ ಹೆಚ್ಚಾದ ಕಾಫಿಯ ಹಾಗಿತ್ತು; ಒಂದು ಗುಟುಕಿಗೆ ಸರಿ. ಅದು ಅಷ್ಟಿಷ್ಟು ಮಾರಿತೆಂದು ಕಾಣುತ್ತದೆ. ಮುಂದೆ ಒಂದು ದೊಡ್ಡ ರೆಕಾರ್ಡು ಮಾಡೋಣ, ಎರಡೂ ಬದಿ ನಿಮ್ಮದೇ ಹಾಡು, ಆದರೆ ಮೊದಲು ಹೊಸ ಹಾಡು ಕೇಳಬೇಕು ಎಂದು ಹೇಳಿಹೋಗಿದ್ದ.

ಅಷ್ಟರಲ್ಲಿ ನನ್ನ ಯಜಮಾನರು ಔರಂಗಾಬಾದಿನಲ್ಲಿ ಎರಡನೆಯ ಹೋಟೆಲಿಗೆ ಜಾಗ ಹಿಡಿದರು. ಈಗ ಸಂಭಾಜಿನಗರ ಎನ್ನುತ್ತಾರಲ್ಲ, ಅದೇ. ಒಂದು ದಿನ ಊಟಕ್ಕೆ ಕೂತಾಗ ತಮ್ಮನಿಗೆ ಹೇಳಿದರು:

“ಕಾಣ್, ಆ ದೊಡ್ಡ ರೆಕಾರ್ಡ್ ಆದ್ರೆ ಆಯ್ಲಿ, ನಾ ಬ್ಯಾಡ ಅಂಬುದಿಲ್ಲೆ. ಆಗ್ದಿರೆ ದಸರೆಯಿಂದ ನೀ ಔರಂಗಾಬಾದಲ್ಲಿ ಗಲ್ಲಾದಲ್ಲಿ ಕೂಕಣ್ಕ್. ಮತ್ತೆ ಆ ಗಿಟಾರ್ ನನ್ ಕಣ್ಣಿಗೆ ಕಾಂಬುಕಾಗ.”

ಗಲ್ಲಾ ಎಂದರೆ ಹೋಟೆಲಿನಲ್ಲಿ ಹಣ ತೆಗೆದುಕೊಳ್ಳುವ ಮೇಜು. ಅದರ ಹಿಂದೆ ಬೆಳಿಗ್ಗೆ ಕೂತವನು ಬಾಗಿಲು ಹಾಕುವಾಗಲೇ ಏಳುವುದು. ಜ್ವರ ಬಂದರೂ ಅಲ್ಲೇ, ಹಬ್ಬ ಬಂದರೂ ಅಲ್ಲೇ. ಮೈದುನ ತಟ್ಟೆ ನೋಡಿಕೊಂಡು ಉಂಡು ಮುಗಿಸಿದ. ಅಣ್ಣನ ಮಾತಿಗೆ ಎದುರಾಡುವ ಮನೆ ನಮ್ಮದಲ್ಲ.

ಆ ಮಳೆಗಾಲದಲ್ಲಿ ಮೇಲಿನ ತಗಡು ಸೋರಿತು. ಗಿಟಾರಿನ ದನಿ ಹೊರಡುವ ಸ್ಪೀಕರ್ ಪೆಟ್ಟಿಗೆ ತೊಪ್ಪೆಯಾಯಿತು. ನಮ್ಮ ಕರಾವಳಿಯಲ್ಲಿ ಒಣಗಿರಬೇಕಾದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಹೋಗುತ್ತದೆ. ಕೊಪ್ಪರ, ಹಪ್ಪಳ, ಬಿತ್ತನೆಯ ಬೀಜ, ಹೊಸ ಬುಟ್ಟಿ. ಹೊಗೆ ತಾಗಿದರೆ ಹುಳ ಬರುವುದಿಲ್ಲ, ಬೂಸಲು ಹಿಡಿಯುವುದಿಲ್ಲ. ನಾಸಿಕ್ ರೋಡಿಗೆ ಬಂದರೂ ನನ್ನ ಅತ್ತೆ ಅನ್ನ ಬೇಯಿಸುವ ಸೌದೆ ಒಲೆಯ ಮೇಲೆ ಬಿದಿರಿನ ಅಟ್ಟ ಕಟ್ಟಿಸಿಕೊಂಡಿದ್ದರು. ಪೆಟ್ಟಿಗೆ ನೋಡಿದವರೇ ಅಟ್ಟ ತೋರಿಸಿದರು.

“ಅಮ್ಮಾ, ಅದ್ ಹಪ್ಪಳ ಅಲ್ಲ” ಎಂದ ಮೈದುನ.

“ಹಪ್ಪಳ ಅಲ್ದಿರೆ ಎಂತ? ಒದ್ದಿ ಆಯ್ತೋ ಇಲ್ಯೋ? ಒದ್ದಿ ಆದ್ದೆಲ್ಲ ಅಲ್ಲಿಗೇ ಹೋಪುದ್.”

ಎತ್ತಲು ನಾನೂ ಕೈ ಜೋಡಿಸಿದೆ. ನನಗೂ ಅದೇ ಸರಿ ಕಂಡಿತ್ತು.

ಕೆಲವು ದಿನ ಬಿಟ್ಟು ಇಳಿಸಿದರು. ಪೆಟ್ಟಿಗೆ ಮಸಿ ಹಿಡಿದು ಕಪ್ಪಾಗಿತ್ತು. ಒಳಗೆ ಒಂದು ಕಾಗದದ ಬೋಗುಣಿ ಇರುತ್ತದೆ, ಅದು ನಡುಗಿದರೇ ದನಿ. ಆ ಕಾಗದ ಒಣಗಿ ಒಣಗಿ ಕೆಂಪಾಗಿ, ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ತಂತಿ ಸಿಕ್ಕಿಸಿ ಮೈದುನ ಒಮ್ಮೆ ಗಿಟಾರು ಮೀಟಿದ. ಗೋಣಿಚೀಲ ಉದ್ದಕ್ಕೆ ಸೀಳಿದ ಹಾಗೆ, ಅದರ ಹಿಂದೆಯೇ ಲಾರಿ ಏರು ಹತ್ತಿದ ಹಾಗೆ ಒಂದು ದನಿ ಬಂತು. ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

“ಒಣಗಿತ್ತಲ್ಲ? ಮತ್ತೆಂತ?” ಎಂದು ಅತ್ತೆ ಒಳಗೆ ಹೋದರು.

ಮೈದುನ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ. ಬೀದರಿನವನು ಮಾತ್ರ ಹಲ್ಲು ಬಿಡುತ್ತಿದ್ದ.

“ಅಳ್ತಿ ಯಾಕ ಲೇ? ಮೊದಲಿಂದು ಹಾಲು ಕುಡಿಯೋ ಕೂಸಿನ ದನಿ ಇತ್ತು. ಈಗ ಮೀಸಿ ಬಂದಾವ. ಸೊಕ್ಕದ ನೋಡ್ರಿ ವೈನಿ ಇದಕ್ಕ.”

“ಪೆಟ್ಟಿಗೆಗೆ ಮೀಸೆ ಬಂತ್, ನಿಂಗೆ ಎಂತಕ್ಕೆ ಬರ್ಲಿಲ್ಲ ಮಾರಾಯ?” ಎಂದೆ. ಮರಾಠಿ ಹುಡುಗರಿಗೆ ಅವನೇ ಅದನ್ನು ತಿರುಗಿಸಿ ಹೇಳಿ, ತಾನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಹೊಸ ಕಾಗದ ಮುಂಬಯಿಯಿಂದ ಬರಬೇಕು, ತಡವಾಗುತ್ತದೆ ಎಂದ ರೇಡಿಯೋ ರಿಪೇರಿಯವನು. ಅಲ್ಲಿಯವರೆಗೆ ಅದರಲ್ಲೇ ಬಾರಿಸಿದರು. ಆ ಪೆಟ್ಟಿಗೆಯಲ್ಲಿ ಓಡುವ ಹಾಡು ನಡೆಯುತ್ತಿರಲಿಲ್ಲ. ಬೇಗ ಬಾರಿಸಿದರೆ ಎಲ್ಲ ಕಲಸಿ ಖಿಚಡಿ. ಅದಕ್ಕೆ ನಿಧಾನ ಮಾಡಿದರು. ತಂತಿ ಸಡಿಲಿಸಿದರು, ದನಿ ತಗ್ಗಿಗೆ ಇಳಿಯಿತು. ಬೀದರಿನವನು ಟಕಟಕ ಬಿಟ್ಟು, ಕಡಿಮೆ ಹೊಡೆದು ಭಾರವಾಗಿ ಹೊಡೆಯತೊಡಗಿದ. ಹಾಡುವವನ ಜೇನಿನಂಥ ಗಂಟಲು ಅದರ ನಡುವೆ ಕೇಳಿಸುತ್ತಲೇ ಇರಲಿಲ್ಲ. ಅವನು ಕೂಗಲು ಕಲಿತ. ಮೊದಲು ಪೆಟ್ಟಿಗೆ ಇವರನ್ನು ಎಳೆಯಿತು, ಆಮೇಲೆ ಇವರೇ ಅದರ ಬೆನ್ನು ಹತ್ತಿದರು.

ಮೊದಲು ಹಾಡು ಮೇಲಿನಿಂದ ಕಿವಿಗೆ ಬರುತ್ತಿತ್ತು. ಈಗ ನೆಲದಿಂದ ಕಾಲಿಗೆ ಬಂತು. ಕಪಾಟಿನಲ್ಲಿ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ. ನೋಟು ಅಚ್ಚುಹಾಕುವ ಪ್ರೆಸ್ಸಿನ ಕೆಲಸದವರೊಬ್ಬರು ದಿನಾ ಚಹಾಕ್ಕೆ ಬರುವವರು, ಮೇಲೆ ನೋಡಿ, “ಕಾಯ್ ವಹಿನಿ, ವರ್ ಗಿರಣಿ ಟಾಕ್ಲಿ ಕಾ?” ಎಂದು ಕೇಳಿದರು. ಮೇಲೆ ಹಿಟ್ಟಿನ ಗಿರಣಿ ಹಾಕಿದ್ದೀರಾ ಎಂದು. ಹೌದು, ಗೋಧಿ ತನ್ನಿ ಎಂದೆ.

ನನಗೆ ಇಷ್ಟವಾಯಿತೇ ಎಂದರೆ, ಆಯಿತು. ದೊಡ್ಡ ಕಲ್ಲಿನಲ್ಲಿ ರುಬ್ಬುವಾಗ ಮೊದಲು ನಾವು ಕಲ್ಲನ್ನು ತಿರುಗಿಸುತ್ತೇವೆ, ಆಮೇಲೆ ಕಲ್ಲೇ ನಮ್ಮ ಕೈಯನ್ನು ಎಳೆದುಕೊಂಡು ತಿರುಗುತ್ತದೆ. ಹಾಗಿತ್ತು. ಇದಕ್ಕಿಂತ ಹೆಚ್ಚು ವಿವರಿಸಲು ನನಗೆ ಬರುವುದಿಲ್ಲ. ವಿವರಿಸಿದವರು ಹೇಳಿದ್ದೂ ನನಗೆ ಅರ್ಥವಾಗಿಲ್ಲ.

ದಸರೆ ಹತ್ತಿರ ಬಂತು. ರೆಕಾರ್ಡಿನವನಿಗೆ ಆ ವಾರ ಔರಂಗಾಬಾದಿನಲ್ಲಿ ಅಂಗಡಿಗಳ ಕೆಲಸವಿತ್ತು. ಹೊಸ ಹೋಟೆಲು ತೆರೆಯುವ ದಿನವೇ ಅಲ್ಲಿ ಬಂದು ಹಾಡು ಕೇಳುತ್ತೇನೆ ಎಂದು ಹೇಳಿಕಳಿಸಿದ. ಮುಂಬಯಿಯಿಂದ ಹೊಸ ಕಾಗದವೂ ಬಂತು. ಹೊರಡುವ ಹಿಂದಿನ ಮಧ್ಯಾಹ್ನ ನೋಡುತ್ತೇನೆ, ಮೈದುನ ಅಡುಗೆಮನೆಯ ನೆಲದಲ್ಲಿ ಸ್ಕ್ರೂಡ್ರೈವರ್ ಹಿಡಿದು ಪೆಟ್ಟಿಗೆ ಬಿಚ್ಚುತ್ತಿದ್ದಾನೆ.

“ಎಂತ ಮಾಡ್ತಿದ್ದೆ?”

“ಹೊಸ್ತ್ ಹಾಕ್ತೆ ಅತ್ತಿಗೆ. ಅವನಿಗೆ ಮೊದ್ಲಿನ ಹಾಂಗಿನ ಹಾಡೇ ಬೇಕ್. ಈ ದನಿ ಕೇಂಡ್ರೆ ಎದ್ದ್ ಹೋತ. ಅಲ್ಲಿಗೆ ನನ್ ಕತೆ ಮುಗೀತ್, ಗಲ್ಲಾವೇ ಗತಿ.”

“ಮೊದ್ಲಿನದ್ ಅವನ ಹತ್ರವೇ ಇತ್ತಲ್ಲ? ಬೇಕಾದ್ರೆ ಅದನ್ನೇ ಹಾಕಿ ಕೇಣ್ಲಿ. ಅದ್ರ ಹಾಂಗಿನ ಇನ್ನೊಂದ್ ಅವನಿಗೆ ಎಂತಕ್ಕೆ?”

“ಬ್ಯಾಡ ಅಂದ್ರೆ?”

“ಬ್ಯಾಡ ಅಂದ್ರೆ ನಿನ್ ಸ್ವಂತದ್ದನ್ನ್ ಬ್ಯಾಡ ಅಂದ ಹಾಂಗಾತ್ತ್. ಹೊಸ್ತ್ ಹಾಕಿ ಬಾರ್ಸಿ ಅವ ಹೌದ್ ಅಂದ್ರೆ, ಜನ್ಮ ಪೂರ್ತಿ ಅದನ್ನೇ ಬಾರ್ಸ್ಕ್. ಅದೂ ಒಂದ್ ಗಲ್ಲಾವೇ.”

ಅವನು ಹೊಸ ಕಾಗದವನ್ನು ಸುತ್ತಿ ಬದಿಗಿಟ್ಟ. ಆಮೇಲೆ ಸ್ಕ್ರೂ ತಿರುಗಿಸಿ ಮೊದಲಿನ ಹಾಗೇ ಬಿಗಿ ಮಾಡಿದ.

ಪಾತ್ರೆ, ಅಕ್ಕಿ, ರುಬ್ಬುವ ಕಲ್ಲು, ಡ್ರಮ್ಮು, ಪೆಟ್ಟಿಗೆ ಎಲ್ಲ ಒಂದೇ ಲಾರಿಯಲ್ಲಿ ಔರಂಗಾಬಾದಿಗೆ ಹೋದವು. ಬೆಳಿಗ್ಗೆ ಪೂಜೆ. ಮೊದಲ ದಿನ ಬಂದವರಿಗೆಲ್ಲ ಕಾಫಿ, ಕೇಸರಿಬಾತು ಪುಕ್ಕಟೆ. ಕಾಲೇಜಿನ ಹುಡುಗರು ಬೇರೆ ಕೆಲಸವಿಲ್ಲದೆ ಬಂದು ತುಂಬಿದರು. ರೆಕಾರ್ಡಿನವನು ಮಧ್ಯಾಹ್ನ ಬಂದ. ಗುಂಡಗಿನ ಮನುಷ್ಯ, ಬಿಳಿ ಸಫಾರಿ, ಊಟಕ್ಕೆ ಕೂತರೆ ಮೊಸರು ಮೂರು ಸಲ ಕೇಳುವವನು. ಉಂಡು, ಮೇಲಿನ ಖಾಲಿ ಹಾಲಿಗೆ ಹತ್ತಿದ. ಯಜಮಾನರೂ ಹತ್ತಿದರು. ನಾನು ಬಾಗಿಲಲ್ಲಿ ನಿಂತೆ.

ಮೊದಲ ಹಾಡು ಶುರುವಾದದ್ದೇ ಅವನು ಕೈಯಲ್ಲಿದ್ದ ಬೀಡಾ ಬಾಯಿಗೆ ಹಾಕುವುದನ್ನು ಮರೆತ. ಹೊಸ ಸುಣ್ಣದ ಗೋಡೆ, ಖಾಲಿ ಹಾಲು, ದನಿ ನಾಸಿಕ್ ರೋಡಿನದರ ಇಮ್ಮಡಿಯಾಯಿತು. ಹಾಡು ಮುಗಿಯುವ ಮೊದಲೇ ಅವನು ಕೈ ಎತ್ತಿದ.

“ಅರೇ, ಯೇ ಕ್ಯಾ ಹೈ? ಪೆಟ್ಟಿಗೆ ಕೆಟ್ಟಿದೆ. ಕಳೆದ ವರ್ಷದ ಆ ಹಾಡು ಬಾರಿಸಿ” ಎಂದು ಹಿಂದಿಯಲ್ಲಿ ಹೇಳಿದ.

ಮೈದುನ ನನ್ನ ಕಡೆ ನೋಡಲಿಲ್ಲ. ಅಣ್ಣನ ಕಡೆಯೂ ನೋಡಲಿಲ್ಲ. “ಪೆಟ್ಟಿಗೆ ಕೆಟ್ಟಿಲ್ಲ ಸಾಹೇಬ್. ನಮ್ಮ ದನಿಯೇ ಈಗ ಇದು” ಎಂದು ಅವನೂ ಹಿಂದಿಯಲ್ಲೇ ಹೇಳಿದ. ಹೇಳಿ ಎರಡನೆಯ ಹಾಡು ಎತ್ತಿದ. ಅದು ಮೊದಲಿನದಕ್ಕಿಂತ ಭಾರ. ಯಜಮಾನರ ಮುಖ ಗಲ್ಲಾದ ಕೀಲಿಕೈ ಆಗಲೇ ತಮ್ಮನ ಕೈಗೆ ಕೊಟ್ಟವರ ಹಾಗಿತ್ತು.

ಅಷ್ಟರಲ್ಲಿ ನನ್ನ ಬೆನ್ನಿಗೆ ಯಾರೋ ತಾಗಿದರು. ತಿರುಗಿ ನೋಡಿದರೆ ಮೆಟ್ಟಿಲು ಮೇಲಿನಿಂದ ಕೆಳಗಿನವರೆಗೆ ಹುಡುಗರು. ಕೇಸರಿಬಾತಿನ ತಟ್ಟೆ ಕೈಯಲ್ಲೇ ಇದೆ, ತಿನ್ನುತ್ತಿಲ್ಲ. ತಲೆ ಆಡಿಸುತ್ತಿದ್ದಾರೆ, ಕಾಲು ಕುಟ್ಟುತ್ತಿದ್ದಾರೆ. ಹಾಡು ನಿಂತರೆ ಔರ್ ಏಕ್, ಔರ್ ಏಕ್ ಎಂದು ಬೊಬ್ಬೆ. ನಾನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದೆ, ಸಾಹೇಬನಿಗೂ ಕಾಣಲಿ ಎಂದು. ಅವನು ಕುರ್ಚಿಯಲ್ಲೇ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ. ಅವನಿಗೆ ಹಾಡು ಸೇರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಅವನು ವ್ಯಾಪಾರಿ, ಹಾಡು ಕೇಳಲಿಲ್ಲ, ಮೆಟ್ಟಿಲು ನೋಡಿದ.

ಬೀಡಾ ಬಾಯಿಗೆ ಹಾಕಿಕೊಂಡು ಹೇಳಿದ: ಆಯಿತು, ಎರಡೂ ಬದಿ ಇದೇ. ಈ ಪೆಟ್ಟಿಗೆಯನ್ನೇ ತನ್ನಿ. ಬೇರೆಯವರು ಕೈಕೊಟ್ಟಿದ್ದರಿಂದ ನಾಡಿದ್ದು ಮುಂಬಯಿಯಲ್ಲಿ ರೆಕಾರ್ಡು ಮಾಡುವ ಜಾಗ ಖಾಲಿ ಇದೆ. ನಾಳೆ ಹೊರಡಬೇಕು. ಇಲ್ಲದಿದ್ದರೆ ಮುಂದೆ ಯಾವಾಗಲೋ, ಗ್ಯಾರಂಟಿ ಇಲ್ಲ.

ಅವನು ಹೋದ ಮೇಲೆ ಯಜಮಾನರು ಗಲ್ಲಾದ ಹತ್ತಿರ ನಿಂತು ತಮ್ಮನನ್ನು ಕರೆದರು.

“ನಾ ಮಾತ್ ತಪ್ಪುವನಲ್ಲ. ಆದ್ರೆ ನಾಳೆ ನಾ ನಾಸಿಕಕ್ಕೆ ಹೋಯ್ಕ್, ಅಲ್ಲಿ ಹೋಟ್ಲ್ ಕಾಂಬವರ್ ಯಾರೂ ಇಲ್ಲೆ. ನೀ ಬೊಂಬಾಯಿಗೆ ಹ್ವಾರೆ ಇಲ್ಲಿ ಕೂಕಂಬುದ್ ಯಾರ್? ಗೋಡೆ ಮೇಲಿನ ದೇವ್ರಾ?”

“ಅಣ್ಣಾ, ಅವ ನಾಳೆಯೇ ಅಂದ” ಎಂದ ಮೈದುನ.

“ನಾನ್ ಕೂಕಂತೆ” ಎಂದೆ.

ಅತ್ತೆ ಒಳಗಿನಿಂದಲೇ, “ಹೆಂಗ್ಸ್ರ್ ಗಲ್ಲಾದಲ್ಲಿ ಕೂಕಂಡ್ರೆ ಜನ ಎಂತ ಹೇಳ್ತ್ರ್?” ಎಂದರು.

“ದೋಸೆ ಹ್ಯಾಂಗಿತ್ತ್ ಅಂದ್ ಹೇಳ್ತ್ರ್.”

“ನಿಂಗೆ ಓದುಕ್ ಬರೂಕ್ ಬತ್ತಾ?” ಎಂದರು ಯಜಮಾನರು.

“ಅಲ್ಲಿ ಓದುಕ್ ಎಂತ ಇತ್ತ್? ಮಾಣಿ ಕೂಗ್ತ, ನಾ ತಕಂತೆ.”

ಅದು ನಿಜ. ಆಗ ನಮ್ಮ ಹೋಟೆಲುಗಳಲ್ಲಿ ತಿಂಡಿ ಕೊಟ್ಟ ಮಾಣಿಯೇ ಗಿರಾಕಿಯ ಬೆನ್ನ ಹಿಂದಿನಿಂದ ಎಷ್ಟಾಯಿತೆಂದು ಗಲ್ಲಾಕ್ಕೆ ಕೂಗಿ ಹೇಳುತ್ತಿದ್ದ. ಯಜಮಾನರಿಗೂ ಗೊತ್ತಿತ್ತು. ಅವರು ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು, ಕೀಲಿಕೈಯನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೋದರು. ಬೀದರಿನವನು, “ವೈನಿ, ಇನ್ಮ್ಯಾಲ ನಮಗ ಉಧಾರಿ ಸಿಗ್ತದೇನ್ರಿ?” ಎಂದ. ಸಾಲ ಸಿಗುವುದಿಲ್ಲ ಎಂದೆ.

ಆ ದೊಡ್ಡ ರೆಕಾರ್ಡು ಎಷ್ಟು ಮಾರಿತೆಂದು ಈಗಲೂ ಕೆಲವರು ಕೇಳುತ್ತಾರೆ. ಹೆಚ್ಚೇನೂ ಮಾರಲಿಲ್ಲ. ಆದರೆ ಅದನ್ನು ಕೊಂಡವರು ಇವತ್ತಿಗೂ ಇಟ್ಟುಕೊಂಡಿದ್ದಾರೆ, ಮೈದುನ ಸಾಯುವ ತನಕ ಗಿಟಾರು ಕೆಳಗಿಡಲಿಲ್ಲ.

ಮರುದಿನ ಬೆಳಿಗ್ಗೆ ಅವರು ಮುಂಬಯಿಯ ಬಸ್ಸು ಹತ್ತಿದರು. ಕಳಿಸಲು ನಾನು ಹೋಗಲಿಲ್ಲ, ಹೋಟೆಲು ತೆರೆಯುವುದಿತ್ತು. ಗಲ್ಲಾದ ಹಿಂದಿನ ಕುರ್ಚಿ ಗಂಡಸರ ಅಳತೆಯದು. ಕೂತರೆ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹೊಸ ಕಪಾಟಿಗೆ ಬಾಗಿಲು ಕೂಡಿಸಲು ಬಡಗಿ ಬಂದಿದ್ದ. ಅವನನ್ನು ಕರೆದು ಕುರ್ಚಿಯ ನಾಲ್ಕೂ ಕಾಲು ಗೇಣಿನಷ್ಟು ಕುಯ್ಯಿಸಿದೆ. ಆಮೇಲೆ ಕೂತೆ.